ಎಂಟು ಸೆಲ್ಲು, ಒಂದು ಸೊನ್ನೆ

ನನ್ನ ಅಣ್ಣನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮುಕ್ಕಾಲು ಎಂದು. ಹೆಸರಿಟ್ಟವರು ಅಪ್ಪ. ಹೈಸ್ಕೂಲಿನ ಪರೀಕ್ಷೆಯಲ್ಲಿ ನಾಲ್ಕು ಪುಟದ ಪ್ರಶ್ನೆಪತ್ರಿಕೆಯಲ್ಲಿ ಮೂರು ಪುಟಕ್ಕೆ ಉತ್ತರ ಬರೆದು, ಕೊನೆಯ ಪುಟವನ್ನು ತಿರುಗಿಸಿಯೂ ನೋಡದೆ, ಎಲ್ಲರಿಗಿಂತ ಮೊದಲು ಹೊರಗೆ ಬಂದು ಗೇಟಿನ ಹತ್ತಿರ ಬೀಗುತ್ತ ನಿಂತಿದ್ದನಂತೆ. "ಇವನು ಮುಕ್ಕಾಲು ಕಣೇ" ಎಂದು ಅಪ್ಪ ಅಮ್ಮನಿಗೆ ಹೇಳಿದರು. ಅಷ್ಟೇ, ಅಂಟಿಕೊಂಡಿತು. ಈಗ ಅವನಿಗೆ ಐವತ್ತೇಳು ವರ್ಷ. ನಮ್ಮ ಬಚ್ಚಲುಮನೆಯ ಬಾಗಿಲಿಗೆ ಮುಕ್ಕಾಲು ಭಾಗ ಬಣ್ಣವಿದೆ. ಅಡುಗೆಮನೆಯ ಕಪಾಟಿಗೆ ನಾಲ್ಕು ಮೊಳೆಯ ಜಾಗದಲ್ಲಿ ಮೂರಿವೆ. ಕೇಳಿದರೆ, "ನಿಂತಿದೆಯಲ್ಲ, ಬಿದ್ದಾಗ ನೋಡೋಣ" ಎನ್ನುತ್ತಾನೆ. ಇಪ್ಪತ್ತಾರು ವರ್ಷ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಅವನು ನೋಡಿಕೊಂಡ ಒಂದೇ ಒಂದು ಲಿಫ್ಟೂ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದನ್ನು ನಾನು ಕೇಳಿಲ್ಲ. ಆದರೆ ಅದನ್ನು ಮನೆಯಲ್ಲಿ ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಬಚ್ಚಲ ಬಾಗಿಲು ದಿನಾ ಕಣ್ಣಿಗೆ ಬೀಳುತ್ತಲ್ಲ.

ನಾನು ಅವನ ತಂಗಿ. ಗಂಡ ಹೋದ ಮೇಲೆ ಅಣ್ಣನ ಮನೆಯ ಮುಂದಿನ ಕೋಣೆಗೆ ಬಂದು ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಲಾಡ್ಜಿನ ಹಾಸಿಗೆ ಬಟ್ಟೆ, ನರ್ಸುಗಳ ಸಮವಸ್ತ್ರ, ಇಂಥವು ಬರುತ್ತವೆ. ನನ್ನ ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದವಳಿಗೆ ತಣ್ಣಗಿರು ಎಂದರೆ ಹೇಗೆ ಆಗುತ್ತದೆ? ಅಣ್ಣನನ್ನು ಮುಕ್ಕಾಲು ಎಂದು ಕರೆದು ಕರೆದು ನನ್ನ ನಾಲಿಗೆಗೆ ಅದು ರೂಢಿಯಾಗಿಬಿಟ್ಟಿತ್ತು. ಈಗ ಇದನ್ನೆಲ್ಲ ನಿರಾಳವಾಗಿ ಕೂತು ಹೇಳುತ್ತಿದ್ದೇನೆ. ಆಗ ಎರಡು ವಾರ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಅತ್ತಿಗೆಯಿಂದ. ಅತ್ತಿಗೆ ಹದಿನೆಂಟು ವರ್ಷ ಒಂದು ಗೋದಾಮಿನಲ್ಲಿ ಅಂಗಿಯ ಗುಂಡಿಗಳನ್ನು ಎಣಿಸಿ ಪೊಟ್ಟಣ ಕಟ್ಟುವ ಕೆಲಸ ಮಾಡಿದವಳು. ನೆಲಮಾಳಿಗೆ, ಕಿಟಕಿಯಿಲ್ಲ, ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಸಂಜೆ ಬಂದರೆ ಮಂಡಿಗಳು ಊದಿಕೊಂಡಿರುತ್ತಿದ್ದವು, ಮಾತಾಡಿಸಿದರೆ ಹೂಂ, ಊಹೂಂ ಬಿಟ್ಟು ಮೂರನೆಯ ಮಾತಿಲ್ಲ. ಕೊನೆಗೊಂದು ದಿನ ಕೆಲಸ ಬಿಟ್ಟು, ಮುನ್ನೂರು ಮೊಟ್ಟೆ ಹಿಡಿಯುವ ಕಾವು ಪೆಟ್ಟಿಗೆಯೊಂದನ್ನು ತಂದು ಹಿಂದಿನ ಕೋಣೆಯಲ್ಲಿ ಇಟ್ಟಳು. ಮೊಟ್ಟೆ ಇಟ್ಟು, ಇಪ್ಪತ್ತೊಂದು ದಿನ ಒಂದೇ ಬಿಸಿಯಲ್ಲಿ ಕಾಪಾಡಿ, ಮರಿ ಮಾಡಿಸಿ, ಕೋಳಿ ಸಾಕುವವರಿಗೆ ಕೊಡುವುದು. ಮೊದಲನೆಯ ಸಲ ಚೆನ್ನಾಗಿಯೇ ಆಯಿತು. ಅತ್ತಿಗೆ ಮದುವೆಯಾಗಿ ಬಂದ ಮೇಲೆ ಅವಳು ಹಾಡು ಗುನುಗುವುದನ್ನು ನಾನು ಕೇಳಿದ್ದು ಅದೇ ಮೊದಲ ಸಲ.

ಎರಡನೆಯ ಸಲ ಹದಿನೇಳನೆಯ ದಿನ ಕರೆಂಟು ಹೋಯಿತು. ಒಂಬತ್ತು ಗಂಟೆ ಬರಲಿಲ್ಲ. ಮುನ್ನೂರೂ ತಣ್ಣಗಾದವು. ಅತ್ತಿಗೆ ಯಾರನ್ನೂ ಹತ್ತಿರ ಸೇರಿಸದೆ ಹಿತ್ತಿಲಲ್ಲಿ ತಾನೇ ಗುಂಡಿ ತೋಡಿ ಎಲ್ಲವನ್ನೂ ಹೂತು ಬಂದಳು. ಎರಡು ದಿನ ಹಿಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಹೇಳಿದಳು: "ಇನ್ನೊಂದೇ ಸಲ ನೋಡ್ತೀನಿ. ಅದೂ ಹೋದ್ರೆ ಈ ಪೆಟ್ಟಿಗೆ ಯಾರಿಗಾದ್ರೂ ಕೊಟ್ಟು ಗೋದಾಮಿಗೆ ವಾಪಸ್ ಹೋಗ್ತೀನಿ."

"ನಾನು ಬ್ಯಾಟರಿ ಮಾಡಿಕೊಡ್ತೀನಿ" ಎಂದ ಅಣ್ಣ. ಸೂರಿನ ಮೇಲೆ ಅವನೇ ಹಾಕಿದ್ದ ನಾಲ್ಕು ಸೋಲಾರ್ ಫಲಕಗಳಿದ್ದವು. ಹಳೆಯ ಬ್ಯಾಟರಿ ಸತ್ತು ವರ್ಷವಾಗಿತ್ತು. ಅತ್ತಿಗೆ ನನ್ನ ಮುಖ ನೋಡಿದಳು, ನಾನು ಅತ್ತಿಗೆಯ ಮುಖ ನೋಡಿದೆ.

"ಮುಕ್ಕಾಲು ಬ್ಯಾಟರೀನಾ?" ಎಂದೆ ನಾನು.

"ನೋಡ್ತಾ ಇರು ಪುಟ್ಟಿ" ಎಂದ. ಐವತ್ತೆರಡು ವರ್ಷದ ನನ್ನನ್ನು ಇನ್ನೂ ಪುಟ್ಟಿ ಎಂದು ಕರೆಯುವವನು ಅವನೊಬ್ಬನೇ.

ಫೋನಿನ ಟವರ್ ಒಂದನ್ನು ಬಿಚ್ಚಿದ ಗುಜರಿಯವನ ಹತ್ತಿರದಿಂದ ಎಂಟು ಲಿಥಿಯಂ ಸೆಲ್ಲುಗಳನ್ನು ತಂದ. ನೀಲಿ ಹೊದಿಕೆ, ಒಂದೊಂದೂ ನಿಘಂಟಿನಷ್ಟು ದಪ್ಪ. ನನ್ನ ಇಸ್ತ್ರಿ ಮೇಜಿನ ಮೇಲೆಯೇ ಸಾಲಾಗಿ ಜೋಡಿಸಿಕೊಂಡು ಪಾಠ ಶುರುಮಾಡಿದ.

"ನೋಡು, ಈ ಎಂಟೂ ಒಂದರ ಹಿಂದೆ ಒಂದು ನಿಂತು ದುಡೀಬೇಕು. ಒಂದು ತುಂಬಿದ ತಕ್ಷಣ ಮಿಕ್ಕ ಏಳಕ್ಕೆ ಹಸಿವಿದ್ರೂ ಚಾರ್ಜ್ ನಿಲ್ಲುತ್ತೆ. ಒಂದು ಖಾಲಿಯಾದ ತಕ್ಷಣ ಮಿಕ್ಕ ಏಳರಲ್ಲಿ ಎಷ್ಟಿದ್ರೂ ಲೈನ್ ಕಟ್. ಅದನ್ನ ನೋಡ್ಕೊಳ್ಳೋಕೇ ಈ ಚಿಕ್ಕ ಬೋರ್ಡು. ಇವನು ಕಾವಲುಗಾರ."

"ಅಂದ್ರೆ ಒಬ್ಬ ಸೋಮಾರಿಯಿಂದ ಇಡೀ ಮನೆಗೆ ಉಪವಾಸ."

"ಹೂಂ, ಅಷ್ಟೇ! ಅದಕ್ಕೇ ಮೊದಲು ಎಂಟನ್ನೂ ಸಮ ಮಾಡ್ಬೇಕು."

"ಮೀಟರ್ ಹಿಡಿದು ನೋಡಿದ್ರೆ ಯಾರು ಸೋಮಾರಿ ಅಂತ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಕಣೆ, ಅದೇ ತಮಾಷೆ. ಕಾಲು ತುಂಬಿರೋದೂ ಮುಕ್ಕಾಲು ತುಂಬಿರೋದೂ ಮೀಟರ್‌ನಲ್ಲಿ ಹೆಚ್ಚೂಕಡಿಮೆ ಒಂದೇ ತೋರಿಸುತ್ತೆ. ಪೂರ್ತಿ ತುದಿಗೆ ಹೋದಾಗ ಮಾತ್ರ ಬಣ್ಣ ಬಯಲಾಗೋದು."

ಉಪಾಯವನ್ನೂ ಹೇಳಿದ. ಎಂಟನ್ನೂ ಅಕ್ಕಪಕ್ಕ ನಿಲ್ಲಿಸಿ, ತಾಮ್ರದ ಪಟ್ಟಿಯಿಂದ ಒಂದೇ ಮಾಡಿ, ರೇಡಿಯೋ ರಿಪೇರಿಯವನಿಂದ ಎರವಲು ತಂದ ಚಾರ್ಜರಿನಿಂದ ನಿಧಾನವಾಗಿ ತುಂಬಿಸುವುದು. ಆ ಚಾರ್ಜರಿನ ಮುಖದಲ್ಲಿ ಕೆಂಪು ಅಂಕಿಗಳ ಎರಡು ಸಾಲು. ಮೇಲಿನದು ವೋಲ್ಟು, ಕೆಳಗಿನದು ಒಳಗೆ ಹೋಗುತ್ತಿರುವ ಕರೆಂಟು. ಶುರುವಿನಲ್ಲಿ ಮೇಲೆ ಮೂರು ಪಾಯಿಂಟ್ ಮೂರು, ಕೆಳಗೆ ಹತ್ತು. "ಮೇಲಿನದು ಮೂರು ಪಾಯಿಂಟ್ ಆರು ಐದು ಆಗಿ, ಕೆಳಗಿನದು ಸೊನ್ನೆ ಆಗ್ಬೇಕು. ಆಗ ಎಂಟೂ ಕಂಠಪೂರ್ತಿ ಕುಡಿದಿವೆ ಅಂತ ಅರ್ಥ. ನಾಲ್ಕು ದಿನ ಹಿಡಿಯಬಹುದು" ಎಂದ.

ನಾಲ್ಕು ದಿನಕ್ಕೆಂದು ನನ್ನ ಕೋಣೆಯ ಮೂಲೆಯನ್ನು ಅವನಿಗೆ ಬಿಟ್ಟುಕೊಡಬೇಕಾಯಿತು. ಏಕೆಂದರೆ ಮನೆಯಲ್ಲಿ ದಿನಗಟ್ಟಲೆ ನಂಬಿ ಬಿಡಬಹುದಾದ ಗಟ್ಟಿ ಪ್ಲಗ್ ಪಾಯಿಂಟು ಇರುವುದು ಅಲ್ಲೊಂದೇ. ಮೂರನೆಯ ದಿನ ಸಂಜೆ ಬೋಲ್ಟು ತರಲು ಹೋಗಿದ್ದವನು ವಾಪಸ್ ಬಂದ. ಬಂದವನೇ ಕೂಗಿದ: "ಸೊನ್ನೆ! ಪುಟ್ಟಿ, ಸೊನ್ನೆ ಬಂತು! ಮೂರು ಪಾಯಿಂಟ್ ಆರು ಐದು, ಸೊನ್ನೆ! ಒಂದು ದಿನ ಮುಂಚೇನೇ ಬಂತು!" ಅತ್ತಿಗೆ ಮೊಟ್ಟೆಗೆ ಹೇಳಿಬರಲು ಹೋಗಿದ್ದಳು. ನಾನು ಅಂಗಳದಲ್ಲಿ ಬಟ್ಟೆಯ ಗಂಟು ಕಟ್ಟುತ್ತಿದ್ದೆ. "ಆಯ್ತಪ್ಪ, ಸಂತೋಷ" ಎಂದೆ. ಎದ್ದು ಹೋಗಿ ನೋಡಲೂ ಇಲ್ಲ. ಅವನು ಚಾರ್ಜರ್ ಆರಿಸಿ, ಎಲ್ಲವನ್ನೂ ಬಿಚ್ಚಿ, ಎಂಟನ್ನೂ ಸಾಲಾಗಿ ಜೋಡಿಸಿ ಬ್ಯಾಟರಿ ಕಟ್ಟಿದ. ಎರಡು ಗಂಟೆ ಕಾವು ಪೆಟ್ಟಿಗೆ ಓಡಿಸಿ ನೋಡಿದ, ಚೆನ್ನಾಗಿ ಓಡಿತು. ಇಡೀ ದಿನ ಓಡಿಸಿ ನೋಡಬೇಕೆಂದಿದ್ದ. ಆದರೆ ಅಷ್ಟರಲ್ಲಿ ಮೊಟ್ಟೆ ಬಂದವು, ಮೊಟ್ಟೆ ಕಾಯುವುದಿಲ್ಲ. ಅವನ ಮಾತಿನ ಮೇಲೆ ಅತ್ತಿಗೆ ಮುನ್ನೂರನ್ನೂ ಪೆಟ್ಟಿಗೆಯಲ್ಲಿಟ್ಟಳು.

ಮೊಟ್ಟೆ ಇಟ್ಟ ಆರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಕರೆಂಟು ಹೋಯಿತು. ಬ್ಯಾಟರಿ ತಕ್ಷಣ ಕೈಗೆತ್ತಿಕೊಂಡಿತು, ಪೆಟ್ಟಿಗೆಯ ದೀಪ ಮಿಟುಕಲೂ ಇಲ್ಲ. ಅಣ್ಣ ಎದೆ ಉಬ್ಬಿಸಿಕೊಂಡು ಓಡಾಡಿದ. ಮೋಡವಿತ್ತು, ಆದರೂ ಸಂಜೆಯವರೆಗೆ ಚಿಂತೆಯೇ ಇಲ್ಲ ಎಂದ. ಒಂದೂವರೆಗೆ ಟಕ್ ಎಂದು ಒಂದು ಸದ್ದು. ಪೆಟ್ಟಿಗೆಯ ಫ್ಯಾನು ನಿಂತಿತು, ದೀಪ ಆರಿತು.

ಅಯ್ಯೋ, ಅತ್ತಿಗೆಯ ಮುಖ ನೋಡಬೇಕಿತ್ತು! ರಜಾಯಿ ತಂದು ಹೊದಿಸಿದೆವು, ಬಿಸಿನೀರು ತುಂಬಿದ ಬಾಟಲಿಗಳನ್ನು ಒಳಗಿಟ್ಟೆವು. ಮೂವತ್ತೇಳೂವರೆ ಇರಬೇಕಾದ ಬಿಸಿ ಮೂವತ್ತೈದಕ್ಕೆ ಇಳಿಯಿತು. ಅದೃಷ್ಟಕ್ಕೆ ನಲವತ್ತು ನಿಮಿಷದಲ್ಲಿ ಕರೆಂಟು ಬಂತು. ಅತ್ತಿಗೆ ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿದಳು. ಕೆಂಪು ನರಗಳು ಕಂಡವು, ಜೀವವಿತ್ತು. ಆಮೇಲೆ ನನ್ನ ಪಿತ್ತ ನೆತ್ತಿಗೇರಿತು. "ನಾಲ್ಕು ದಿನ ಅಂದೋನು ಮೂರು ದಿನಕ್ಕೆ ಯಾಕೋ ಬಿಚ್ಚಿದೆ? ಇದನ್ನೂ ಮುಕ್ಕಾಲಿಗೆ ಬಿಟ್ಟೆಯಲ್ಲ! ಇದು ಬಚ್ಚಲ ಬಾಗಿಲಾ? ಮುನ್ನೂರು ಜೀವ ಕಣೋ!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಸೊನ್ನೆ ನೋಡಿದ ಮೇಲೇ ಬಿಚ್ಚಿದ್ದು" ಎಂದ. ಅತ್ತಿಗೆ ರಜಾಯಿ ಮಡಿಸುತ್ತಿದ್ದಳು. ಅವಳು ನನ್ನ ಹಾಗೆ ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಅವನು ಬ್ಯಾಟರಿಯ ಮುಚ್ಚಳ ತೆರೆದು, ಪುನಃ ಚಾರ್ಜು ಮಾಡುತ್ತ ಒಂದೊಂದೇ ಸೆಲ್ಲಿಗೆ ಮೀಟರು ಹಿಡಿದ. ಐದನೆಯದು ಓಡಿಹೋಗಿ ತುದಿ ಮುಟ್ಟಿತು, ಕಾವಲುಗಾರ ಚಾರ್ಜು ನಿಲ್ಲಿಸಿದ. ಮಿಕ್ಕವು ಇನ್ನೂ ಎಲ್ಲೋ ನಡುದಾರಿಯಲ್ಲಿ ಇದ್ದವು. "ಇವು ಯಾವತ್ತೂ ಒಟ್ಟಿಗೆ ತುದಿ ಮುಟ್ಟೇ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

"ಹಾಗಾದ್ರೆ ನೀನು ನೋಡಿದ ಸೊನ್ನೆ ಯಾವುದು?"

ಅವನು ಮೀಟರನ್ನು ಕೆಳಗಿಟ್ಟು, "ಗೊತ್ತಿಲ್ಲ" ಎಂದ.

ಮಾರನೆಯ ದಿನ ಬೀದಿಯ ಕಂಬಕ್ಕೆ ಚೀಟಿ ಅಂಟಿಸಿದರು. ಹಳೆಯ ಕಂಬಗಳನ್ನು ಬದಲಿಸುತ್ತಾರಂತೆ, ಮೂರು ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟಿಲ್ಲ. ಅತ್ತಿಗೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ಮೊಟ್ಟೆಗಳಿಗೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದನೆಯ ದಿನ. ಮರಿ ಚಿಪ್ಪು ಒಡೆಯುವ ದಿನಗಳೇ ಅವು. ಬೇಕಂತಲೇ ಹುಡುಕಿ ಇಟ್ಟ ಹಾಗಿತ್ತು! ಅಣ್ಣ ಬ್ಯಾಟರಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಮತ್ತೆ ಮೊದಲಿನಿಂದ ಎಂಟನ್ನೂ ಸಮ ಮಾಡಬೇಕು. ಚಾರ್ಜರನ್ನು ಇನ್ನೂ ಒಂದು ವಾರ ಕೇಳಿ ಬಾ ಎಂದು ನನ್ನನ್ನು ರೇಡಿಯೋ ರಿಪೇರಿಯವನ ಹತ್ತಿರ ಕಳಿಸಿದ.

ರಿಪೇರಿಯವನು ಒಂದು ಹಳೆಯ ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕೂತಿದ್ದ. "ಇಟ್ಕೊಳ್ಳಿ, ಇಟ್ಕೊಳ್ಳಿ" ಎಂದ. ನಾನು ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಕೂಗಿದ: "ಅಕ್ಕಾ, ಒಂದು ಮಾತು ಹೇಳೋದು ಮರೆತಿದ್ದೆ. ಅದರ ಪ್ಲಗ್ ಕಿತ್ತು ಮತ್ತೆ ಹಾಕಿದ್ರೆ ತಾನಾಗೇ ಶುರುವಾಗಲ್ಲ. ಕೆಳಗಡೆ ಒಂದು ಚಿಕ್ಕ ಗುಂಡಿ ಇದೆ, ಅದನ್ನ ಒತ್ತಬೇಕು. ಒತ್ತದಿದ್ರೆ ಸೆಲ್ಲಿಗೆ ಏನೂ ಹೋಗಲ್ಲ. ಸುಮ್ನೆ ನಾವು ಇಟ್ಟ ಸೆಟ್ಟಿಂಗ್ ತೋರಿಸ್ತಾ ಕೂತಿರುತ್ತೆ. ಮೇಲೆ ಮೂರು ಪಾಯಿಂಟ್ ಆರು ಐದು, ಕೆಳಗೆ ಸೊನ್ನೆ."

ನಾನು ನಡು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಆ ಮೂರನೆಯ ದಿನ ಮಧ್ಯಾಹ್ನ ಲಾಡ್ಜಿನವರು ನಲವತ್ತು ಹಾಸಿಗೆ ಬಟ್ಟೆ ತಂದು ಸುರಿದು, ಸಂಜೆಗೇ ಬೇಕು ಎಂದಿದ್ದರು. ಗಟ್ಟಿ ಪ್ಲಗ್ ಪಾಯಿಂಟು ಇರುವುದು ಒಂದೇ. ಅಣ್ಣ ಬೋಲ್ಟು ತರಲು ಹೋಗಿದ್ದ. ನಾನು ಚಾರ್ಜರಿನ ಪ್ಲಗ್ಗು ಕಿತ್ತು ಇಸ್ತ್ರಿ ಪೆಟ್ಟಿಗೆಯದನ್ನು ತೂರಿಸಿದೆ. ನಲವತ್ತನ್ನೂ ಮುಗಿಸಿ, ಮತ್ತೆ ಚಾರ್ಜರಿನದನ್ನೇ ಹಾಕಿದೆ. ಕೆಂಪು ಅಂಕಿಗಳು ಹೊತ್ತಿಕೊಂಡವು, ನನಗಷ್ಟೇ ಸಾಕಾಗಿತ್ತು. ಏನು ಬರೆದಿದೆ ಎಂದು ಓದುವ ಗೋಜಿಗೆ ಹೋಗಲಿಲ್ಲ. ಬಟ್ಟೆಯ ಗಂಟು ಕಟ್ಟಲು ಅಂಗಳಕ್ಕೆ ಹೋದೆ. ಇದೆಲ್ಲ ಎಂಥ ಚಿಕ್ಕ ಸಂಗತಿಯೆಂದರೆ, ಆ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲುವವರೆಗೆ ನನಗದು ನೆನಪಿಗೇ ಬಂದಿರಲಿಲ್ಲ.

ದಾರಿಯುದ್ದಕ್ಕೂ ಹೇಳಿಬಿಡಬೇಕು ಎಂದುಕೊಂಡೇ ಬಂದೆ. ಬಂದು ನೋಡಿದರೆ ಅತ್ತಿಗೆ ಅವನ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಮೊಟ್ಟೆಯ ತಟ್ಟೆ. ನಾನು ಗುಂಡಿಯ ವಿಷಯ ಮಾತ್ರ ಹೇಳಿದೆ. ಅಣ್ಣನ ಕಣ್ಣು ಅರಳಿತು. "ಹಾಗಾದ್ರೆ ಆವತ್ತು ಮಧ್ಯಾಹ್ನ ಏನಾದ್ರೂ ಕರೆಂಟ್ ಹೋಗಿತ್ತಾ ಪುಟ್ಟಿ? ನೀನು ಮನೇಲೇ ಇದ್ದೆಯಲ್ಲ?"

"ಇಲ್ಲ, ಕರೆಂಟ್ ಹೋಗಿರ್ಲಿಲ್ಲ" ಎಂದೆ.

ನಿಜವೇ ತಾನೆ, ಕರೆಂಟು ಹೋಗಿರಲಿಲ್ಲ. ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೆ ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ. ಬೀದಿಗೆ ಕೇಳುವ ಹಾಗೆ ಬೈದ ಬಾಯಿ, ಈಗ ಏನೆಂದು ತೆರೆಯುವುದು? ಅತ್ತಿಗೆಯ ಕೈಯಲ್ಲಿ ಆ ತಟ್ಟೆ ಬೇರೆ. ಅವನ ಮುಖ ಸಪ್ಪಗಾಯಿತು. "ಹೋಗ್ಲಿ ಬಿಡು" ಎಂದು ಸ್ಪ್ಯಾನರ್ ಎತ್ತಿಕೊಂಡ.

ಆಮೇಲೆ ಅವನು ಕೆಲಸ ಮಾಡಿದ ರೀತಿಯೇ ಬೇರೆ. ಒಂದು ನೋಟುಪುಸ್ತಕ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಅಂಕಿ ಬರೆಯುತ್ತಿದ್ದ. ಬರೆಯುವ ಮೊದಲು ನನ್ನನ್ನು ಕರೆಯುತ್ತಿದ್ದ.

"ಪುಟ್ಟಿ, ಮೇಲೆ ಎಷ್ಟಿದೆ ಓದು."

"ಯಾಕೆ, ನಿಂಗೆ ಕಣ್ಣಿಲ್ವಾ?"

"ಇದೆ. ನೀನೂ ಒಂದ್ಸಲ ಓದು."

ನಾನು ಓದುತ್ತಿದ್ದೆ. ತಾನು ನೋಡಿದ್ದಕ್ಕೆ ಅದು ತಾಳೆಯಾದರೆ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದ. ಹಿಂದೆಲ್ಲ ಆಗಿದ್ದರೆ ನಾನು ಎಷ್ಟು ಕಾಲೆಳೆಯುತ್ತಿದ್ದೆನೋ. ಈಗ ಬಾಯಿಗೆ ಬೀಗ ಬಿದ್ದಿತ್ತು. ಒಂದು ದಿನ ಊಟಕ್ಕೆ ಕೂತವನು, "ಬೆಳಿಗ್ಗೆ ನಾನು ಗೇಟು ಹಾಕಿದ್ನಾ?" ಎಂದು ಅತ್ತಿಗೆಯನ್ನು ಕೇಳಿದ. ಹಾಕಿದ್ದೀರಿ ಎಂದಳು. ಆದರೂ ಎದ್ದು ಹೋಗಿ ನೋಡಿ ಬಂದ. ಸ್ಕೂಟರ್ ಓಡಿಸುವುದನ್ನು ನಿಲ್ಲಿಸಿ ನಡೆದೇ ಓಡಾಡತೊಡಗಿದ. ಪೆಟ್ರೋಲು ಉಳಿಸುತ್ತಿದ್ದಾನೆ ಎಂದುಕೊಂಡೆವು. ನನಗೋ ನನ್ನ ಹೊಟ್ಟೆಯಲ್ಲಿದ್ದ ಮಾತೇ ದೊಡ್ಡದಾಗಿತ್ತು, ಅವನ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವಷ್ಟು ಜಾಗ ಎಲ್ಲಿತ್ತು? ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಎದ್ದಾಗ ಅಂದುಕೊಳ್ಳುತ್ತಿದ್ದೆ. ಬ್ಯಾಟರಿ ಒಂದು ಸರಿಹೋಗಲಿ, ಆಮೇಲೆ ಹೇಳೋಣ ಎಂದು ಮಧ್ಯಾಹ್ನಕ್ಕೆ ಮುಂದೂಡುತ್ತಿದ್ದೆ.

ನಾಲ್ಕನೆಯ ದಿನ ಸಂಜೆ ಕೆಳಗಿನ ಸಾಲು ಇಳಿಯತೊಡಗಿತು. ಹತ್ತು ಹೋಗಿ ಆರು, ಆಮೇಲೆ ಮೂರು, ಒಂದು, ಪಾಯಿಂಟ್ ನಾಲ್ಕು. ಅತ್ತಿಗೆಯನ್ನೂ ಕರೆದ. ಮೂವರೂ ಕುಕ್ಕರುಗಾಲಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆವು. ಸೊನ್ನೆ ಬಂದಾಗ ಅವನು ಈ ಸಲ ಕೂಗಲಿಲ್ಲ. "ನೀನು ಓದು" ಎಂದ ನನಗೆ. "ಸೊನ್ನೆ" ಎಂದೆ. "ನೀನೂ ಓದು" ಎಂದ ಅತ್ತಿಗೆಗೆ. "ಸೊನ್ನೆ ಕಣ್ರೀ" ಎಂದಳು. ಆಮೇಲೆ ಒಂದೊಂದು ಸೆಲ್ಲಿಗೂ ಮೀಟರು ಹಿಡಿದು, ಇಡೀ ಒಂದು ದಿನ ಬಲ್ಬುಗಳನ್ನು ಉರಿಸಿ ನೋಡಿದ. ಬ್ಯಾಟರಿ ಬೆಳಗಿನಿಂದ ಸಂಜೆಯವರೆಗೆ ಎಳ್ಳಷ್ಟೂ ಅಲುಗಾಡಲಿಲ್ಲ.

ಕಂಬದ ಕೆಲಸದವರು ಚೀಟಿಯಲ್ಲಿ ಬರೆದ ಹಾಗೆ ಸರಿಯಾಗಿ ಒಂಬತ್ತಕ್ಕೆ ಕರೆಂಟು ತೆಗೆದರು. ಮೊದಲ ದಿನ ದಟ್ಟ ಮೋಡ, ಸೂರಿನ ಫಲಕಗಳಿಂದ ಬಂದದ್ದು ಅಷ್ಟಕ್ಕಷ್ಟೇ. ಅಣ್ಣ ಬ್ಯಾಟರಿಯ ಪಕ್ಕ ಸ್ಟೂಲು ಹಾಕಿ ಕೂತ. ಕಾವಲುಗಾರ ಬೋರ್ಡಿಗೆ ಜೋಡಿಸಿಕೊಂಡ ಅವನ ಫೋನಿನ ಪರದೆಯಲ್ಲಿ ಎಂಟು ಸೆಲ್ಲುಗಳ ಎಂಟು ಅಂಕಿಗಳು, ಕೊನೆಯ ಅಂಕಿಯಲ್ಲಿ ಮಾತ್ರ ಒಂದಿಷ್ಟು ಹೆಚ್ಚುಕಡಿಮೆ. ಅತ್ತಿಗೆ ಪೆಟ್ಟಿಗೆಯ ಗಾಜಿನ ಮುಂದೆ ಕೂತಳು. ನಾನು ಆ ಕೋಣೆಗೂ ಈ ಕೋಣೆಗೂ ಅಲೆದೆ. ಒಂದೂವರೆ ಗಂಟೆಯಾದಾಗ ಮೂವರೂ ಬ್ಯಾಟರಿಯ ಕಡೆ ಕಿವಿಗೊಟ್ಟೆವು. ಟಕ್ ಎನ್ನಲಿಲ್ಲ. ಎರಡಾಯಿತು, ಮೂರಾಯಿತು. ಐದಕ್ಕೆ ಕರೆಂಟು ಬಂದಾಗಲೂ ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಮಿಕ್ಕಿತ್ತು. ಉಸ್ಸಪ್ಪಾ ಎಂದು ನಾನು ಬಾಗಿಲಲ್ಲೇ ಕುಸಿದು ಕೂತೆ.

ಎರಡನೆಯ ದಿನ ಮೊಟ್ಟೆಯ ಒಳಗಿನಿಂದಲೇ ಚಿಂವ್ ಎಂಬ ಸದ್ದು ಕೇಳಿಸಿತು. ಅತ್ತಿಗೆ ನಮ್ಮಿಬ್ಬರಿಗೂ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದಳು, ನಾವು ಮಾತಾಡುತ್ತಲೇ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಾಜಿನ ಹಿಂದೆ ಒದ್ದೆ ಮರಿಗಳು ಒಂದರ ಮೇಲೊಂದು ಬಿದ್ದು ಎದ್ದು ಒದ್ದಾಡುತ್ತಿದ್ದವು. ಹೊರಗೆ ಕಂಬಕ್ಕೆ ತಂತಿ ಎಳೆಯುವವರ ಗದ್ದಲ, ಒಳಗೆ ಇವುಗಳ ಗದ್ದಲ. ಮುನ್ನೂರರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಬಂದವು. ಅತ್ತಿಗೆ ನಗುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. "ಇನ್ನು ಆ ಗೋದಾಮಿನ ಮೆಟ್ಟಿಲು ಇಳಿಯಲ್ಲ ನಾನು" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಈ ಸಲ ಪೂರ್ತಿ ಮಾಡಿದ್ರಿ ಕಣ್ರೀ" ಎಂದಳು. ಅವಳು ಮನಸಾರೆ ಹೊಗಳಿಯೇ ಹೇಳಿದ್ದು.

ಅಣ್ಣನೂ ನಕ್ಕ. ಆದರೆ ಮರಿಗಳನ್ನು ನೋಡುತ್ತಲೇ ಹೇಳಿದ: "ಈ ಸಲ ಓದೋಕೆ ನೀವಿಬ್ರೂ ಇದ್ರಿ. ಇನ್ಮೇಲೆ ಇಂಥ ಕೆಲಸ ನಾನು ಒಬ್ಬನೇ ಮಾಡಲ್ಲ. ನಿಮಗೆ ಹೇಳಿರ್ಲಿಲ್ಲ, ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ. ಕಣ್ಣು ಸರಿಯಾಗೇ ಇದೆಯಂತೆ. ಇಲ್ಲದ ಸೊನ್ನೆ ಕಂಡಿದೆ ಅಂದ್ರೆ, ಹೋಗಿರೋದು ಇದು." ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ. "ಅಪ್ಪಂಗೂ ಹೀಗೇ ತಾನೆ ಶುರುವಾಗಿದ್ದು."

ಅಪ್ಪ ಕೊನೆಯ ನಾಲ್ಕು ವರ್ಷ, ಕುಡಿಯದ ನೀರನ್ನು ಕುಡಿದೆ ಎನ್ನುತ್ತಿದ್ದರು, ಹಾಕದ ಬಾಗಿಲನ್ನು ಹಾಕಿದೆ ಎನ್ನುತ್ತಿದ್ದರು. ಕೊನೆಕೊನೆಗೆ ನನ್ನನ್ನೇ ನೀನು ಯಾರೆಂದು ಕೇಳುತ್ತಿದ್ದರು. ಅವರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಕೈಹಿಡಿದು ನಡೆಸಿದ್ದು ಅಣ್ಣನೇ. ಆ ಕೆಲಸವನ್ನು ಅವನು ಒಂದು ದಿನವೂ ಮುಕ್ಕಾಲಿಗೆ ಬಿಡಲಿಲ್ಲ. ಎರಡು ವಾರದಿಂದ ಅವನು ನಡೆದು ಓಡಾಡುತ್ತಿದ್ದದ್ದು, ಗೇಟು ನೋಡಿ ಬರುತ್ತಿದ್ದದ್ದು, ಅಂಕಿಗಳನ್ನು ನನ್ನಿಂದ ಓದಿಸುತ್ತಿದ್ದದ್ದು, ಎಲ್ಲ ಒಟ್ಟಿಗೆ ನನ್ನ ತಲೆಗೆ ಹೊಡೆಯಿತು. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ!

"ಸೊನ್ನೆ ಇತ್ತು ಅಣ್ಣ" ಎಂದೆ.

"ಯಾವ ಸೊನ್ನೆ?"

"ಆವತ್ತು ನೀನು ನೋಡಿದ್ದು. ನಿಜವಾಗ್ಲೂ ಇತ್ತು. ಕರೆಂಟ್ ಹೋಗಿರ್ಲಿಲ್ಲ, ಆದ್ರೆ ನಾನು ಪ್ಲಗ್ ಕಿತ್ತಿದ್ದೆ. ಇಸ್ತ್ರಿ ಮಾಡೋಕೆ. ಆಮೇಲೆ ಹಾಕಿದೆ, ಗುಂಡಿ ಒತ್ತಲಿಲ್ಲ, ನಂಗೆ ಗೊತ್ತಿರ್ಲಿಲ್ಲ. ಮೂರು ಪಾಯಿಂಟ್ ಆರು ಐದು, ಸೊನ್ನೆ ಅಂತ ಅದು ಸುಮ್ನೆ ತೋರಿಸ್ತಾ ಇತ್ತು. ನೀನು ನೋಡಿದ್ದು ಸರಿ. ನೀನು ಕೇಳಿದಾಗ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಹೆದರಿಕೆಯಾಯ್ತು."

ಅವನು ಎದ್ದು ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆದಿದ್ದರೆ ಸುಮ್ಮನೆ ಹೊಡೆಸಿಕೊಳ್ಳುತ್ತಿದ್ದೆ. ಅವನು ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ.

"ಸೊನ್ನೆ ಇತ್ತಾ?"

"ಇತ್ತು."

"ನಾನು ನೋಡಿದ್ದು ನಿಜಾನಾ?"

"ನಿಜ ಅಣ್ಣ."

"ಲೇ, ಕೇಳಿದ್ಯಾ!" ಎಂದು ಅತ್ತಿಗೆಯ ಮೊಣಕೈ ಹಿಡಿದು ಅಲುಗಾಡಿಸಿದ. "ಸೊನ್ನೆ ಇತ್ತಂತೆ ಕಣೇ! ನನ್ನ ತಲೆ ಸರಿಯಾಗಿದೆ! ನಂಗೇನೂ ಆಗಿಲ್ಲ!" ನಗುತ್ತಿದ್ದ, ಭುಜ ಮಾತ್ರ ಅಳುವವರ ಭುಜದ ಹಾಗೆ ಕುಣಿಯುತ್ತಿತ್ತು. ಐವತ್ತೇಳು ವರ್ಷದ ಗಂಡಸು ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ಅತ್ತಿಗೆ ಒಂದು ಸಲ ನನ್ನನ್ನು ದುರುಗುಟ್ಟಿ ನೋಡಿದಳು. ಆ ನೋಟದ ಬಾಕಿ ಆಮೇಲೆ ಎರಡು ದಿನ ಕಂತಿನಲ್ಲಿ ತೀರಿಸಿದಳು, ಅದು ಬೇರೆ ಮಾತು. ಆ ಹೊತ್ತಿಗೆ ಅವಳು ಅವನ ಪಕ್ಕ ನೆಲದ ಮೇಲೆ ಕೂತು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಒಬ್ರೇ ಹೇಗ್ರೀ ಇಟ್ಕೊಂಡ್ರಿ ಇದನ್ನ?" ಎಂದಳು. "ನಾನೂ ಆವತ್ತು ನಿಮ್ಮನ್ನ ನಂಬಲಿಲ್ಲ."

"ನನ್ನನ್ನ ನಾನೇ ನಂಬಲಿಲ್ಲ, ನೀನೇನು ನಂಬ್ತೀಯ ಬಿಡು" ಎಂದ.

"ಬೈಯಿ ಅಣ್ಣ, ಬಾಯಿಗೆ ಬಂದ ಹಾಗೆ ಬೈದುಬಿಡು" ಎಂದೆ ನಾನು.

"ಬೈತೀನಿ, ತಡಿ. ಮೊದಲು ಸರಿಯಾಗಿ ಹೇಳು. ಪ್ಲಗ್ ಕಿತ್ತಾಗ ಎಷ್ಟು ಗಂಟೆ?"

"ಎರಡು ಹೊಡೆದಿತ್ತು."

"ಎಷ್ಟು ಬಟ್ಟೆ?"

"ನಲವತ್ತು."

"ಮತ್ತೆ ಹಾಕಿದಾಗ ಅಂಕಿ ಹೊತ್ತಿಕೊಂಡ್ವಾ? ಕೆಂಪಗೆ?"

"ಕೆಂಪಗೆ ಹೊತ್ತಿಕೊಂಡ್ವು."

ಒಂದೊಂದು ಉತ್ತರಕ್ಕೂ ಅವನ ಮುಖ ಇನ್ನಷ್ಟು ಬಿಚ್ಚಿಕೊಳ್ಳುತ್ತಿತ್ತು. ಕೇಳಿ ಮುಗಿಸಿ ಕಣ್ಣೊರೆಸಿಕೊಂಡ. "ಇನ್ನೊಂದ್ಸಲ ಮೊದಲಿಂದ ಹೇಳು ಪುಟ್ಟಿ" ಎಂದ. ನಾನೂ ನೆಲದ ಮೇಲೆ ಅವನೆದುರು ಕೂತು, ಲಾಡ್ಜಿನವರು ಬಟ್ಟೆ ತಂದು ಸುರಿದಲ್ಲಿಂದ ಮತ್ತೆ ಹೇಳತೊಡಗಿದೆ.